ಮದ್ದಿನ ಕಲೆ ಕಳಂಕವಲ್ಲ



ರೋಗ ಬಂದರೆ ಚಿಕಿತ್ಸೆ ಪಡೆಯಬೇಕೆಂಬುದು ಪ್ರವಾದಿವರ್ಯರ(ಸ) ಬೋಧನೆ. ಆ ಚಿಕಿತ್ಸೆಯ ಕುರಿತು ಅರಿತಿರುವುದೂ ನಮ್ಮ ಹೊಣೆ.

ಸಂಧಿವಾತ, ಕ್ರೋನ್ಸ್, ಸೋರಿಯಾಸಿಸ್‌ಗಳಲ್ಲಿ ದೇಹದ ರಕ್ಷಣಾ ವ್ಯವಸ್ಥೆಯು ದೇಹದ ಮೇಲೆಯೇ ಎರಗುತ್ತದೆ. ಇಂತಹ ರೋಗಗಳಿಗೆ ಅಮೆರಿಕದಲ್ಲಿ 1998ರಲ್ಲಿ ಇನ್‌ಫ್ಲಿಕ್ಸಿಮ್ಯಾಬ್, 2002ರಲ್ಲಿ ಅಡಾಲಿಮುಮ್ಯಾಬ್ ಅನುಮತಿ ಪಡೆದವು. 2014ರಲ್ಲಿ ಅಡಾಲಿಮುಮ್ಯಾಬ್‌ನ ಭಾರತೀಯ ಪ್ರತಿರೂಪವೂ ಬಂತು. ಉರಿಯೂತವನ್ನು ಕೆರಳಿಸುವ ಟಿಎನ್‌ಎಫ್ ಎಂಬ ಪ್ರೋಟೀನನ್ನು ಇವು ತಡೆಯುತ್ತವೆ.

ಆದರೆ ಚುಚ್ಚಿದ ಜಾಗ ಕೆಂಪಾಗಿ ತುರಿಸಬಹುದು. ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಅದು ಶಮನವಾಗುತ್ತದೆ. ಸರ್ಪಸುತ್ತು ಕಾಣಿಸಿಕೊಳ್ಳಬಹುದು. ವಿಪರ್ಯಾಸವೆಂದರೆ, ಸೋರಿಯಾಸಿಸನ್ನು ಹತೋಟಿಗೆ ತರುವ ಇದೇ ಔಷಧಿಯಿಂದ ಕೆಲವರ ಅಂಗೈ, ಅಂಗಾಲು, ನೆತ್ತಿಯಲ್ಲಿ ಸೋರಿಯಾಸಿಸ್‌ನಂತಹ ಕಲೆಗಳು ಏಳುತ್ತವೆ.

ಆಗ ನಮ್ಮ ಮನೆಗಳಲ್ಲಿ ಏನಾಗುತ್ತದೆ? ಹೆಣ್ಣುಮಗಳಾದರೆ ಮದುವೆ ಸಂಬಂಧ ತಪ್ಪೀತೆಂದು ಕಲೆಯನ್ನು ಮುಚ್ಚಿಡಲಾಗುತ್ತದೆ. ದೃಷ್ಟಿದೋಷವೆಂದು ತಾಯಿತ ಕಟ್ಟಲಾಗುತ್ತದೆ. ಅಂಗಡಿಯ ಸ್ಟೀರಾಯ್ಡ್ ಮುಲಾಮು ಹಚ್ಚಿ, ಚುಚ್ಚುಮದ್ದನ್ನು ನಿಲ್ಲಿಸಲಾಗುತ್ತದೆ. ಪರಿಣಾಮವಾಗಿ ಮೂಲ ರೋಗ ಮರುಕಳಿಸಿ ಕೀಲುಗಳಿಗೆ ಶಾಶ್ವತ ಹಾನಿಯಾಗಬಹುದು.

ಕಲೆ ಕಂಡೊಡನೆ ವೈದ್ಯರಿಗೆ ತಿಳಿಸಿರಿ. ಅನೇಕ ಬಾರಿ ಲೇಪನದಿಂದ ಅಥವಾ ಬೇರೆ ಔಷಧಿಗೆ ಬದಲಾಯಿಸುವುದರಿಂದ ಪರಿಹಾರ ಸಿಗುತ್ತದೆ. ಜ್ವರದೊಂದಿಗೆ ಗುಳ್ಳೆಗಳು ಎದ್ದರೆ, ಮುಖ ಊದಿ ಉಸಿರು ಕಟ್ಟಿದರೆ ತಕ್ಷಣ ಆಸ್ಪತ್ರೆಗೆ ಧಾವಿಸಿರಿ.

ಈ ಔಷಧಿ ದುಬಾರಿ. ಝಕಾತ್‌ಗೆ ಅರ್ಹರಾದ ರೋಗಿಗಳನ್ನು ಜಮಾಅತ್‌ಗಳು ಗುರುತಿಸಲಿ. ರೋಗಿಯ ಚರ್ಮವನ್ನು ನೋಡಿ ಅವರ ಬೆಲೆ ಕಟ್ಟುವ ರೋಗದಿಂದ ಅಲ್ಲಾಹನು ನಮ್ಮನ್ನು ಕಾಪಾಡಲಿ.