ಹೆಸರು ಹಿಡಿದು ಕರೆದರೆ ತಿರುಗಿ ನೋಡದ ಮಗು
(ಹುನಗುಂದದಲ್ಲಿ ಸ್ವಸಹಾಯ ಸಂಘಗಳ ಸಭೆಯಲ್ಲಿ ಆಡಿದ ಮಾತು)



 ಪ್ರತಿ ಸಭೆಯಲ್ಲಿ ಉಳಿತಾಯ, ಸಾಲ, ಬಡ್ಡಿ ಇದೇ ಮಾತಾಯಿತು. ಇವತ್ತು ಅದನ್ನು ಬದಿಗಿಟ್ಟು ಮಕ್ಕಳ ಬಗ್ಗೆ ಮಾತಾಡೋಣ.

ಕೆಲವು ವರ್ಷಗಳ ಹಿಂದೆ ಇಳಕಲ್ಲಿನ ಒಂದು ನೇಕಾರರ ಮನೆಗೆ ಹೋಗಿದ್ದೆವು. ಎರಡು ವರ್ಷದ ಹುಡುಗ ನೂಲಿನ ರಾಟಿ ತಿರುಗುವುದನ್ನೇ ನೋಡುತ್ತ ಕುಳಿತಿದ್ದ. ತಾಯಿ ಎಷ್ಟು ಕರೆದರೂ ತಿರುಗಲಿಲ್ಲ. "ಮಗ್ಗದ ಸಪ್ಪಳಕ್ಕ ಕಿವಿ ಮಂದ ಆಗ್ಯಾವೇನ್ರಿ ಸಿಸ್ಟರ್?" ಅಂತ ಆಕೆ ಕೇಳಿದಳು. ಆದರೆ ಒಳಗೆ ಬಿಸ್ಕತ್ತಿನ ಪೊಟ್ಟಣ ಬಿಚ್ಚಿದ ಸಪ್ಪಳಕ್ಕೆ ಹುಡುಗ ಎದ್ದು ಓಡಿದ. "ಗಂಡು ಹುಡುಗರು ತಡಾ ಮಾಡಿ ಮಾತಾಡ್ತಾವ, ಚಿಂತಿ ಮಾಡಬ್ಯಾಡವ್ವಾ" ಎಂದು ಆಕೆಗೆ ಹೇಳಿದವರು ನಾವೇ. ಎಂ.ಎಸ್.ಡಬ್ಲ್ಯೂ. ಓದಿದ ನಾವು! ಆ ಮಾತು ನಂಬಿ ಆಕೆ ಎರಡು ವರ್ಷ ಸುಮ್ಮನೆ ಕಾದಳು. ಮಗುವನ್ನು ಬಿಟ್ಟು ಸಂಘಕ್ಕೆ ಬರಲಾಗಲಿಲ್ಲ. ಸಂಘ ಗೈರುಹಾಜರಿ ದಂಡವನ್ನೂ ಹಾಕಿತು.

ಆ ಮಗುವಿಗಿದ್ದದ್ದು ಆಟಿಸಂ. ಕನ್ನಡದಲ್ಲಿ ಸ್ವಲೀನತೆ ಎನ್ನುತ್ತಾರೆ. ಅದು ಅಂಟುವ ರೋಗವಲ್ಲ, ಹುಚ್ಚೂ ಅಲ್ಲ. ಅಂಥ ಮಕ್ಕಳ ಮೆದುಳು ಬೆಳೆಯುವ ರೀತಿಯೇ ಬೇರೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 127 ಜನರಲ್ಲಿ ಒಬ್ಬರಿಗೆ ಇದು ಇತ್ತು. ಅಂದ ಮೇಲೆ ನಮ್ಮ ಊರುಗಳಲ್ಲೂ ಇರಲೇಬೇಕಲ್ಲ? ವರ್ಷ ತುಂಬಿದರೂ ಹೆಸರಿಗೆ ತಿರುಗದಿದ್ದರೆ, ಒಂದೂವರೆ ವರ್ಷವಾದರೂ "ಅಕಾ ಕಾಗಿ" ಎಂದು ಬೆರಳು ಮಾಡಿ ತೋರಿಸದಿದ್ದರೆ, ಬಂದ ಮಾತು ನಿಂತುಹೋದರೆ ತಡ ಮಾಡಬೇಡಿ. ಮೊದಲು ಕಿವಿ ಪರೀಕ್ಷೆ ಮಾಡಿಸಿ. ಬನಶಂಕರಿ ಜಾತ್ರೆಯ ಗದ್ದಲದಲ್ಲಿ ಕಿವಿ ಮುಚ್ಚಿಕೊಂಡು ಚೀರುವ ಮಗುವಿಗೆ ಆ ಸಪ್ಪಳ ನಿಜವಾಗಿಯೂ ತಡೆಯಲಾಗದೆ ಇರಬಹುದು. ಅದನ್ನು ಹಟ ಅಂತ ಹೊಡೆಯಬೇಡಿ, ಗಾಳಿ ಅಂತ ತಾಯಿತ ಕಟ್ಟಿ ಕೂಡ್ರಬೇಡಿ.

ತಾಯಂದಿರೇ, ಇದು ನಿಮ್ಮ ತಪ್ಪಲ್ಲ. ಗ್ರಹಣದಾಗ ಹೊರಗ ಬಂದಿದ್ದಿ ಅಂತ ಇಲ್ಲಿ ಅತ್ತೆ ಬೈದರೆ, ಹೊರದೇಶದ ದೊಡ್ಡ ಡಾಕ್ಟರರೂ ಒಂದು ಕಾಲಕ್ಕೆ ತಾಯಿಗೆ ಮಗುವಿನ ಮೇಲೆ ಪ್ರೀತಿ ಸಾಲದು ಎಂದೇ ಬರೆದಿದ್ದರು! ಅದು ಸುಳ್ಳೆಂದು ತಿಳಿದಿದೆ. ದಡಾರದ ಚುಚ್ಚುಮದ್ದಿನಿಂದ ಬರುತ್ತದೆ ಎಂಬ ಸಂಶಯ ಹುಟ್ಟಿಸಿದ 1998ರ ಲೇಖನವನ್ನು ಅಚ್ಚು ಮಾಡಿದ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತು. ಚುಚ್ಚುಮದ್ದು ತಪ್ಪಿಸಬೇಡಿ.

ನಮ್ಮ ದೇಶದಲ್ಲಿ ಈ ಕೆಲಸ ಮುಂದೆ ಸಾಗಲು ಒಬ್ಬ ತಾಯಿ ದೊಡ್ಡ ಕಾರಣ. ದೆಹಲಿಯ ಮೇರಿ ಬರುವಾ ಅವರ ಮಗನಿಗೆ ಆಟಿಸಂ. 1991ರಲ್ಲಿ ಅವರು 'ಆಕ್ಷನ್ ಫಾರ್ ಆಟಿಸಂ' ಸಂಸ್ಥೆ ಕಟ್ಟಿದರು. 1995ರ ಅಂಗವಿಕಲರ ಕಾಯ್ದೆಯಲ್ಲಿ ಆಟಿಸಂನ ಹೆಸರೇ ಇರಲಿಲ್ಲ. ಇಂಥ ಪಾಲಕರ ಸಂಸ್ಥೆಗಳು ಬೆನ್ನು ಹತ್ತಿದವು. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಲ್ಲಿ ಹೆಸರು ಬಂತು, 2016ರ ಕಾಯ್ದೆಯ 21 ಅಂಗವೈಕಲ್ಯಗಳಲ್ಲೂ ಸೇರಿತು.

ನಮಗೆ ಹತ್ತಿರದ್ದು ಗೋವಾದ ಕಥೆ. ನಮ್ಮ ಕಡೆಯ ಎಷ್ಟೋ ಮಂದಿ ದುಡಿಯಲು ಹೋಗುವ ಅದೇ ಗೋವಾ. ಅಲ್ಲಿಯ 'ಸಂಗಾತ್' ಎಂಬ ಸೇವಾಸಂಸ್ಥೆ ಒಂದು ಸಂಶೋಧನೆ ಮಾಡಿತು. ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿ ಸೇರಿ 65 ಮಕ್ಕಳು. ಕಲಿಸಿದವರು ಡಾಕ್ಟರರಲ್ಲ, ತರಬೇತಿ ಪಡೆದ ಸಾಮಾನ್ಯ ಕಾರ್ಯಕರ್ತರು. ತಾಯಿ-ಮಗು ಆಡುವುದನ್ನು ವಿಡಿಯೋ ಮಾಡಿ, ತಾಯಿಯ ಜೊತೆ ಕುಳಿತು ನೋಡುವುದು. "ನೋಡ್ರಿ, ಇಲ್ಲಿ ನಿಮ್ಮ ಕೂಸು ನಿಮ್ಮ ಕಡೆ ನೋಡ್ತು, ನೀವು ಸುಮ್ಮನಿದ್ರಿ" ಎನ್ನುವ ಹಾಗೆ. ಮಗುವಿನ ಮೇಲೆ ಮಾತು ಸುರಿಯದೆ, ಮಗು ಏನು ಮಾಡುತ್ತಿದೆಯೋ ಅದಕ್ಕೆ ತಕ್ಕ ಮಾತಾಡಲು ತಾಯಿ ಕಲಿತಳು. ಮಕ್ಕಳು ತಾವಾಗಿಯೇ ತಾಯಿಯ ಕಡೆ ಬರುವುದು, ಕೇಳುವುದು ಹೆಚ್ಚಿತು. 2016ರಲ್ಲಿ ಇದು ಅಚ್ಚಾಯಿತು. ಆಟಿಸಂ ಹೋಯಿತೇ? ಇಲ್ಲ. ವಾಸಿ ಮಾಡುತ್ತೇವೆಂದು ಸಾವಿರಾರು ರೂಪಾಯಿ ಕೇಳುವವರಿಗೆ ಸಂಘದ ಸಾಲ ತೆಗೆದು ಕೊಡಬೇಡಿ.

ಸಾಲ ಕೊಡುವುದಾದರೆ ಧಾರವಾಡದ ಡಿಮ್ಹಾನ್ಸ್‌ಗೆ ಹೋಗುವ ಬಸ್ ಚಾರ್ಜಿಗೆ ಕೊಡಿ. ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ಬರುವ ಆರೋಗ್ಯ ತಂಡಕ್ಕೆ ಮಗುವನ್ನು ಮುಚ್ಚಿಡದೆ ತೋರಿಸಿ. ಯು.ಡಿ.ಐ.ಡಿ. ಕಾರ್ಡಿಗೆ ಗ್ರಾಮ ಪಂಚಾಯಿತಿಯ ವಿ.ಆರ್.ಡಬ್ಲ್ಯೂ. ಅವರನ್ನು ಕೇಳಿ. 'ನಿರಾಮಯ' ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಚಿಕಿತ್ಸಾ ವೆಚ್ಚ ಸಿಗುತ್ತದೆ.

ಇಳಕಲ್ಲಿನ ಆ ಹುಡುಗ ಈಗ ಶಾಲೆಗೆ ಹೋಗುತ್ತಾನೆ. ಮಾತು ಕಡಿಮೆ. ನೀರು ಬೇಕಾದರೆ ತಾಯಿಯ ಕೈ ಹಿಡಿದು "ನೀರ" ಅನ್ನುತ್ತಾನೆ. ಸಂಘದವರು ದಂಡದ ಹಣ ಆಕೆಗೆ ತಿರುಗಿ ಕೊಟ್ಟರು. ಸಭೆ ಈಗ ಆಕೆಯ ಮನೆಯಲ್ಲೇ ಸೇರುತ್ತದೆ.

ಚಹಾ ಆದ ಮೇಲೆ ಯಾರಿಗಾದರೂ ತಮ್ಮ ಮನೆಯ, ಓಣಿಯ ಮಗುವಿನ ಬಗ್ಗೆ ಹೇಳುವುದಿದ್ದರೆ ಹಿಂದಿನ ಕೋಣೆಗೆ ಬನ್ನಿ. ನಾವು ಸಂಜೆಯ ತನಕ ಇಲ್ಲೇ ಇರುತ್ತೇವೆ. ಹೆಸರನ್ನು ಸಂಘದ ಪುಸ್ತಕದಲ್ಲಿ ಬರೆಯುವುದಿಲ್ಲ.