ಗಾಡಿ ಹತ್ತುವ ಮುಂಚೆ



ಇವತ್ತು ನಾವು ಒಂದು ಚೀಲದ ವಿಷಯ ಮಾತಾಡೋಣ. ದೂರದ ದಾರಿಗೆ ಹೋಗುವಾಗ ಗಾಡಿಯಲ್ಲಿ ಇಡಬೇಕಾದ ಚೀಲ ಅದು. "ಇದೇನ್ರಿ ಅಕ್ಕೋರೆ, ಚೀಲ ತುಂಬೋದು ನಮಗೆ ಗೊತ್ತಿಲ್ಲೇನು?" ಅಂತ ನೀವು ಕೇಳಬಹುದು. ಗೊತ್ತೈತಿ. ನಮಗಿಂತ ನಿಮಗೇ ಚೆನ್ನಾಗಿ ಗೊತ್ತೈತಿ. ಆದರೂ ನಾವು ಮಾಡಿದ ಒಂದು ತಪ್ಪನ್ನು ನಿಮ್ಮ ಮುಂದೆ ಹೇಳಬೇಕಾಗಿದೆ.

ಮೊದಲು ಅಜ್ಜಿಯ ಕಾಲ ನೆನಪು ಮಾಡಿಕೊಳ್ಳಿ. ಹಂಪಿ ತೇರಿಗೆ, ಮೈಲಾರ ಜಾತ್ರೆಗೆ ಜನ ಎತ್ತಿನ ಗಾಡಿ ಕಟ್ಟಿಕೊಂಡು ಹೋಗುತ್ತಿದ್ದರು. ಗಾಡಿಯ ಕೆಳಗೆ ಲಾಟೀನು ತೂಗುತ್ತಿತ್ತು. ಗಾಲಿಗೆ ಕೀಲೆಣ್ಣೆ, ಕಟ್ಟೋಕೆ ಹಗ್ಗ, ಎತ್ತಿಗೆ ಮೇವು, ಬಿಂದಿಗೆಯಲ್ಲಿ ನೀರು. ಬುತ್ತಿ ಗಂಟಿನಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಬೆಲ್ಲ. ದಾರಿಯಲ್ಲಿ ಏನಾದರೂ ಆಗಬಹುದು ಅಂತ ತಿಳಿದೇ ಅವರು ಹೊರಡುತ್ತಿದ್ದರು. ಈಗ ಕ್ರೂಸರ್ ಬಂತು, ಟಂಟಂ ಬಂತು. ಹೊಸಪೇಟೆಯಿಂದ ಸಂಡೂರಿಗೆ ಒಂದು ತಾಸಿನ ದಾರಿ. ಹೋಗಿ ಬರೋದು ಎಷ್ಟೊತ್ತು ಅಂತ ಬರಿಗೈಲಿ ಹತ್ತುತ್ತೀವಿ. ಓಡುವ ಗಾಡಿ ನಿಂತಾಗ ಏನು ಗತಿ ಅಂತ ಯೋಚನೆ ಮಾಡೋದಿಲ್ಲ.

ಒಂದು ಏಪ್ರಿಲ್ ತಿಂಗಳು. ನಮ್ಮ ಕಲಿಕಾ ಕೇಂದ್ರದ ಹದಿನಾಲ್ಕು ಮಂದಿ ಬಾಡಿಗೆ ಟೆಂಪೋ ಮಾಡಿಕೊಂಡು ಸಂಡೂರಿನ ಕುಮಾರಸ್ವಾಮಿ ಬೆಟ್ಟಕ್ಕೆ ಹೊರಟೆವು. ಮಕ್ಕಳೂ ಇದ್ದರು. ದೇವಸ್ಥಾನ ನೋಡಿ, ಊಟ ಮಾಡಿ, ಕ್ಯಾನಿನ ನೀರೆಲ್ಲ ಕೈ ತೊಳೆಯೋಕೆ, ಪಾತ್ರೆ ತೊಳೆಯೋಕೆ ಸುರಿದೆವು. ಇಳಿಯುವಾಗ ಟೆಂಪೋದ ಫ್ಯಾನ್ ಬೆಲ್ಟ್ ಹರಿಯಿತು. ಎಂಜಿನ್ ಕಾದು ಹೊಗೆ ಎದ್ದಿತು. ಮಧ್ಯಾಹ್ನ ಎರಡು ಗಂಟೆ. ಒಂದು ಕಡೆ ಗುಡ್ಡ, ಒಂದು ಕಡೆ ಕಾಡು. ಎಲೆಗಳ ಮೇಲೆಲ್ಲ ಕೆಂಪು ಧೂಳು. ಆ ದಾರಿಯಲ್ಲಿ ಅವತ್ತು ಒಂದು ಲಾರಿಯೂ ಬರಲಿಲ್ಲ. ಫೋನಿಗೆ ಸಿಗ್ನಲ್ ಇಲ್ಲ. ಚಾಲಕರ ಫೋನಿನ ಚಾರ್ಜು ಮುಗಿದಿತ್ತು. ಮೆಕ್ಯಾನಿಕ್ಕಿನ ನಂಬರು ಇದ್ದದ್ದು ಅದರೊಳಗೆ ಮಾತ್ರ.

ಅಷ್ಟರಲ್ಲಿ ಐದು ವರ್ಷದ ಒಂದು ಕೂಸಿಗೆ ಭೇದಿ ಶುರುವಾಯಿತು. ಮೇಲಿಂದ ಮೇಲೆ ನಾಲ್ಕು ಸಲ ಆಯಿತು. ಕಣ್ಣು ಗುಳಿ ಬಿದ್ದವು. ಅತ್ತರೆ ಕಣ್ಣೀರು ಬರಲಿಲ್ಲ. ಭೇದಿಯಾದ ಮಗುವಿಗೆ ಉಪ್ಪು ಸಕ್ಕರೆ ನೀರು ಕೊಡಬೇಕು ಅಂತ ಹಿಂದಿನ ತಿಂಗಳಷ್ಟೇ ನಾವೇ ಪಾಠ ಮಾಡಿದ್ದೆವು. ಬೋರ್ಡಿನ ಮೇಲೆ ಬರೆದದ್ದೂ ನಾವೇ. ಆದರೆ ನಮ್ಮ ಚೀಲದಲ್ಲಿ ಇದ್ದದ್ದು ಪೌಡರ್ ಡಬ್ಬಿ, ಕನ್ನಡಿ, ಮೂರು ಸೀರೆ.

ನೀರು ಕೊಟ್ಟದ್ದು ಆಡು ಮೇಯಿಸುತ್ತಿದ್ದ ಒಬ್ಬ ಲಂಬಾಣಿ ತಾಯಿ. ತನಗೆ ಅಂತ ತಂದಿದ್ದ ಎರಡು ಲೀಟರಿನ ಬಾಟಲಿಯನ್ನೇ ಕೊಟ್ಟಳು. ಸಕ್ಕರೆ ಸಿಕ್ಕಿದ್ದು ಪೂಜೆಯ ಬುಟ್ಟಿಯಲ್ಲಿ. ಉಪ್ಪು ಸಿಕ್ಕಿದ್ದು ಮಾವಿನಕಾಯಿಗೆ ಅಂತ ಒಬ್ಬ ಹುಡುಗಿ ಕಟ್ಟಿಕೊಂಡಿದ್ದ ಪೊಟ್ಟಣದಲ್ಲಿ. ಚಮಚ ಇರಲಿಲ್ಲ. ಅಂದಾಜಿನಲ್ಲಿ ಹಾಕಿ, ನಾಲಿಗೆಗೆ ಹಚ್ಚಿ ನೋಡಿದೆವು. ಕಣ್ಣೀರಿಗಿಂತ ಹೆಚ್ಚು ಉಪ್ಪಾಗಿರಬಾರದು. ಉಪ್ಪು ಹೆಚ್ಚಾದರೆ ಕೂಸಿಗೆ ಅಪಾಯ. ಗುಟುಕು ಗುಟುಕಾಗಿ ಕುಡಿಸುತ್ತಾ ಕೂತೆವು.

ಸರಿಯಾದ ಅಳತೆ ಇದು. ಒಂದು ಲೀಟರ್ ಶುದ್ಧ ನೀರು. ಚಹಾ ಚಮಚದಲ್ಲಿ ಆರು ಚಮಚ ಸಕ್ಕರೆ. ಅರ್ಧ ಚಮಚ ಉಪ್ಪು. ಚಮಚ ಗೋಪುರದ ಹಾಗೆ ತುಂಬಬಾರದು, ತಲೆ ಸವರಿದ ಚಮಚ ಆಗಬೇಕು. ಓಆರ್‌ಎಸ್ ಪೊಟ್ಟಣ ಇದ್ದರೆ ಇನ್ನೂ ಒಳ್ಳೆಯದು. ಅದರ ಮೇಲೆ ಎಷ್ಟು ನೀರಿಗೆ ಹಾಕಬೇಕು ಅಂತ ಬರೆದಿರುತ್ತದೆ. ಓದಿ. ಕೊನೆಯ ದಿನಾಂಕವನ್ನೂ ಓದಿ. ಕಲಸಿದ ನೀರನ್ನು ಒಂದು ದಿನದ ಮೇಲೆ ಇಡಬಾರದು.

ಅವತ್ತು ನಮ್ಮನ್ನು ಕಾಪಾಡಿದವರು ಇನ್ನೊಬ್ಬರು ಇದ್ದಾರೆ. ಕೇಂದ್ರಕ್ಕೆ ಸೇರಿ ಆರು ತಿಂಗಳಾಗಿದ್ದ ಒಬ್ಬ ಅಕ್ಕ. ಆಕೆ ತನ್ನ ಬಟ್ಟೆ ಚೀಲದ ಒಳಗೆ ಪೆನ್ನಿನಿಂದ ತಮ್ಮನ ಫೋನ್ ನಂಬರು ಬರೆದಿಟ್ಟಿದ್ದಳು. ಅಂಕಿಗಳು ಸೊಟ್ಟಗಿದ್ದವು, ಆದರೆ ಹತ್ತೂ ಇದ್ದವು. ತಮ್ಮ ಸಂಡೂರಿನಲ್ಲಿ ಇದ್ದ. ನಾವೆಲ್ಲ ಗಾಬರಿಯಾಗಿ ನಿಂತಿದ್ದಾಗ ಆಕೆ ಹಿಂದಕ್ಕೆ ನಡೆದು ಹೋಗಿ ರಸ್ತೆ ಬದಿಯ ಕಲ್ಲು ಓದಿಕೊಂಡು ಬಂದಳು. ಒಂದು ಚೀಟಿ ಬರೆದಳು. "ಸಂಡೂರು 9 ಕಲ್ಲಿನ ಹತ್ರ ಗಾಡಿ ಕೆಟ್ಟೈತಿ. ಕೂಸಿಗೆ ಹುಷಾರಿಲ್ಲ. ನೀರು ತರ್ರಿ. ಗಾಡಿ ಕಳಸ್ರಿ." ಕೆಳಗೆ ಆ ನಂಬರು. ಬೈಕಿನಲ್ಲಿ ಬಂದ ಒಬ್ಬ ಹುಡುಗ ಆ ಚೀಟಿ ತಗೊಂಡು ಹೋದ. ಮುಕ್ಕಾಲು ತಾಸಿನಲ್ಲಿ ಜೀಪು ಬಂತು. ಕೂಸಿಗೆ ಆಸ್ಪತ್ರೆಯಲ್ಲಿ ರಾತ್ರಿಯೆಲ್ಲ ಸಲೈನ್ ಹಾಕಿದರು. ಬೆಳಿಗ್ಗೆ ಎದ್ದು ಬಿಸ್ಕತ್ತು ಕೇಳಿತು.

ಅಂದಿನಿಂದ ನಾವು ಹೊರಡುವ ಹಿಂದಿನ ರಾತ್ರಿಯೇ ಚೀಲ ಕಟ್ಟುತ್ತೇವೆ.

ಮೊದಲು ನೀರು. ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ. ಬೇಸಿಗೆಯಲ್ಲಿ ದೊಡ್ಡವರಿಗೆ ದಿನಕ್ಕೆ ಮೂರು ನಾಲ್ಕು ಲೀಟರ್ ಬೇಕು. ಕುಡಿಯುವ ನೀರು ಬೇರೆ, ಗಾಡಿಗೆ ಹಾಕುವ ನೀರು ಬೇರೆ. ಎಂಜಿನ್ ಕಾದಾಗ ಕೂಡಲೇ ಮುಚ್ಚಳ ತೆಗೆಯಬಾರದು. ಕುದಿಯುವ ನೀರು ಮುಖಕ್ಕೆ ಹಾರುತ್ತದೆ. ಅರ್ಧ ತಾಸಾದರೂ ಆರಲಿಕ್ಕೆ ಬಿಡಿ. ಆಮೇಲೆ ಬುತ್ತಿ. ರೊಟ್ಟಿ, ಹುರಿಗಡಲೆ, ಶೇಂಗಾ, ಬೆಲ್ಲ ಸಾಕು. ಚಿತ್ರಾನ್ನ ಬಿಸಿಲಿಗೆ ಹಳಸುತ್ತದೆ. ನಮ್ಮ ಕೂಸಿಗೆ ಆದದ್ದೂ ಅದರಿಂದಲೇ ಇರಬೇಕು ಅಂತ ನಮ್ಮ ಅನುಮಾನ.

ಬ್ಯಾಟರಿ ಒಂದು, ಅದಕ್ಕೆ ಹೊಸ ಸೆಲ್ಲು. ಹಳೆಯ ಹತ್ತಿ ಸೀರೆ ಒಂದು ಇಡಿ. ಅದು ನೆರಳಾಗುತ್ತದೆ, ಹೊದಿಕೆಯಾಗುತ್ತದೆ, ಹರಿದರೆ ಗಾಯಕ್ಕೆ ಪಟ್ಟಿಯೂ ಆಗುತ್ತದೆ. ಬೇಕಾದಾಗ ಸಿಗಲಿ ಅಂತ ಮುಟ್ಟಿನ ಬಟ್ಟೆ ಅಥವಾ ಪ್ಯಾಡು ಇಡಿ. ನಾಚಿಕೊಳ್ಳೋದು ಏನೂ ಇಲ್ಲ. ಬಿಪಿ, ಸಕ್ಕರೆ ಕಾಯಿಲೆ ಇದ್ದವರು ಒಂದು ದಿನಕ್ಕೆ ಹೋದರೂ ಮೂರು ದಿನದ ಗುಳಿಗೆ ತಗೊಳ್ಳಿ. ಹೆಚ್ಚುವರಿ ಟೈರು, ಜಾಕು, ಹಗ್ಗ ಇವೆಯೋ ಅಂತ ಚಾಲಕರನ್ನು ಕೇಳಿ. ಬಾಡಿಗೆ ಕೊಡುವವರು ನಾವು, ಕೇಳುವ ಹಕ್ಕು ನಮಗಿದೆ. ಟ್ರ್ಯಾಕ್ಟರ್ ಟ್ರೈಲರಿನಲ್ಲಿ ಮಾತ್ರ ಜನ ಕೂತು ಹೋಗಬಾರದು. ಅದು ಸಾಮಾನಿಗೆ ಮಾಡಿದ್ದು. ಮಗುಚಿದರೆ ಎಲ್ಲರೂ ಅಡಿಗೆ ಬೀಳುತ್ತಾರೆ.

ಹಾವಿನ ವಿಷಯ ಹೇಳಲೇಬೇಕು. ಕತ್ತಲಲ್ಲಿ ಗಾಡಿ ನಿಂತಾಗ ಪೊದೆಯ ಕಡೆ ಒಬ್ಬರೇ ಹೋಗಬೇಡಿ. ಬ್ಯಾಟರಿ ಹಿಡಿದು, ಕಾಲು ಸಪ್ಪಳ ಮಾಡುತ್ತಾ ಇಬ್ಬರು ಹೋಗಿ. ಹಾವು ಕಚ್ಚಿದರೆ ಹಗ್ಗ ಬಿಗಿಯಬೇಡಿ, ಬ್ಲೇಡಿನಿಂದ ಕೊಯ್ಯಬೇಡಿ, ಬಾಯಿಂದ ಹೀರಬೇಡಿ. ಕಚ್ಚಿದ ಕಾಲು ಅಲ್ಲಾಡದ ಹಾಗೆ ಕೋಲು ಇಟ್ಟು ಸಡಿಲವಾಗಿ ಕಟ್ಟಿ. ಬಾವು ಬರುವ ಮುಂಚೆ ಬಳೆ, ಕಾಲುಂಗುರ, ಗೆಜ್ಜೆ ತೆಗೆಯಿರಿ. ಕಾಲುಂಗುರ ತೆಗೆಯಬಾರದು ಅಂತ ಯಾರಾದರೂ ಅಂದರೆ, ಊದಿದ ಬೆರಳನ್ನೇ ಕತ್ತರಿಸುವ ಕಾಲ ಬಂದೀತು ಅಂತ ಹೇಳಿ. ಮಂತ್ರದಿಂದ ವಿಷ ಇಳಿಯೋದಿಲ್ಲ. ಅದಕ್ಕೆ ಚುಚ್ಚುಮದ್ದು ಇರುವುದು ಆಸ್ಪತ್ರೆಯಲ್ಲಿ. ಇನ್ನು ಕಮಲಾಪುರ, ದರೋಜಿ ಕಡೆ ಸಂಜೆ ಕರಡಿ ಗುಡ್ಡ ಇಳಿಯುತ್ತದೆ. ದರೋಜಿಯಲ್ಲಿ 1994ರಿಂದ ಕರಡಿ ಧಾಮವೇ ಇದೆ. ಅಲ್ಲಿ ಗಾಡಿ ಕೆಟ್ಟರೆ ಒಳಗೇ ಇರಿ.

ಕಂಪ್ಲಿಯ ಅಕ್ಕಂದಿರಿಗೆ ಒಂದು ಮಾತು. ತುಂಗಭದ್ರಾ ಅಣೆಕಟ್ಟೆಯಿಂದ ಹೆಚ್ಚು ನೀರು ಬಿಟ್ಟಾಗ ಗಂಗಾವತಿಗೆ ಹೋಗುವ ನಿಮ್ಮ ಸೇತುವೆ ಮುಳುಗುತ್ತದೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 19ನೇ ಗೇಟಿನ ಸರಪಳಿ ಹರಿದು ಗೇಟೇ ಕೊಚ್ಚಿಹೋಯಿತು. ಆ ರಾತ್ರಿ ಮಲಗಿದ್ದವರಿಗೆ ಹೀಗಾಗುತ್ತದೆ ಅಂತ ಕನಸೂ ಇರಲಿಲ್ಲ. ಸೇತುವೆಯ ಮೇಲೆ ನೀರು ಹರಿಯುವಾಗ "ಗಾಡಿ ದಾಟುತ್ತೆ ಬಿಡ್ರಿ" ಅಂತ ಚಾಲಕರು ಅಂದರೂ ಇಳಿದುಬಿಡಿ. ಚೀಲದಲ್ಲಿ ಬುತ್ತಿ ಇದ್ದರೆ ಈಚೆ ದಡದಲ್ಲಿ ರಾತ್ರಿ ಕಳೆಯಬಹುದು.

ಗುಳೆ ಹೋಗುವವರೂ ಇಲ್ಲಿ ಇದ್ದೀರಿ. ಕಬ್ಬು ಕಡಿಯೋಕೆ ತಾಂಡಾದಿಂದ ಲಾರಿ ಹತ್ತುವಾಗ ಪಾತ್ರೆ, ಹಾಸಿಗೆ ಮರೆಯೋದಿಲ್ಲ, ಕಾಗದ ಮರೆಯುತ್ತೀರಿ. ರೇಷನ್ ಕಾರ್ಡು, ತಾಯಿ ಕಾರ್ಡು, ಮಗುವಿನ ಚುಚ್ಚುಮದ್ದಿನ ಕಾರ್ಡು ಇವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಮಡಿಲಿಗೆ ಹತ್ತಿರ ಇಟ್ಟುಕೊಳ್ಳಿ.

ಕೊನೆಗೆ ನಂಬರು. ಆಂಬ್ಯುಲೆನ್ಸಿಗೆ 108. ಪೊಲೀಸರು, ಬೆಂಕಿ, ಯಾವುದೇ ಆಪತ್ತಿಗೆ 112. ನಿಮ್ಮ ಸಿಮ್ಮಿಗೆ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯ ಸಿಗ್ನಲ್ ಹಿಡಿದು 112ಕ್ಕೆ ಕರೆ ಹೋಗಬಹುದು, ಒತ್ತಿ ನೋಡಿ. "ಎಲ್ಲಿದ್ದೀರಿ?" ಅಂತ ಕೇಳಿದಾಗ "ದೊಡ್ಡ ಹುಣಸೆ ಮರದ ಹತ್ರ" ಅಂದರೆ ಅವರಿಗೆ ತಿಳಿಯೋದಿಲ್ಲ. ಕಲ್ಲಿನ ಮೇಲಿನ ಊರು, ಅಂಕಿ ಓದಿ ಹೇಳಿ.

ಬರುವ ಸೋಮವಾರ ಎಲ್ಲರೂ ಒಂದೊಂದು ಬಟ್ಟೆ ಚೀಲ ತನ್ನಿ. ಮಾಸದ ಪೆನ್ನು ನಾವು ತರುತ್ತೇವೆ. ಚೀಲದ ಒಳಗೆ 108, 112, ಮನೆಯವರ ಒಂದು ನಂಬರು ಬರೆಯೋಣ. ಆ ಅಕ್ಕನೂ ತನ್ನ ಚೀಲ ತರುತ್ತಾಳಂತೆ. ತೊಳೆದು ತೊಳೆದು ಒಂದು ಒಂಬತ್ತು ಅಳಿಸಿದೆ, ಅದನ್ನು ತಿದ್ದಬೇಕಂತೆ.