ಜೀವನಮಟ್ಟ: ಜಪಾನಿನದೂ ನಮ್ಮದೂ

(ಕಾರ್ಮಿಕರ ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಿಂದ ಒಂದು ದಿನದ ದುಡಿಮೆ ಬಿಟ್ಟು ಬಂದಿದ್ದೀರಿ. ಜಿನ್ನಿನ ಕೆಲಸಗಾರರಿದ್ದೀರಿ, ಶೇಂಗಾ ಮಿಲ್ಲಿನವರಿದ್ದೀರಿ, ಹಮಾಲರಿದ್ದೀರಿ. ಕಿರಾಣಿ ಅಂಗಡಿಯವರೂ ಮಲ್ಲಿಗೆ ವ್ಯಾಪಾರದವರೂ ಇದ್ದೀರಿ. ಇಂದು ನಾವು ಜಪಾನಿನ ಜೀವನಮಟ್ಟವನ್ನೂ ನಮ್ಮದನ್ನೂ ಎದುರುಬದುರು ಇಟ್ಟು ನೋಡಬೇಕೆಂದಿದ್ದೇವೆ. ಜಪಾನೆಲ್ಲಿ, ಕೊಟ್ಟೂರೆಲ್ಲಿ ಎಂದು ನಗಬೇಡಿ. ನಡುವೆ ಹತ್ತಿಯ ಎಳೆಯೊಂದಿದೆ.

1930ರ ದಶಕದಲ್ಲಿ ಜಪಾನಿನ ಗಿರಣಿಗಳು ಹಿಂದೂಸ್ಥಾನದ ಹತ್ತಿಗೆ ದೊಡ್ಡ ಗಿರಾಕಿ. ವರ್ಷಕ್ಕೆ 15 ಲಕ್ಷ ಅಂಡಿಗೆ ಹತ್ತಿ ಕೊಂಡರೆ 40 ಕೋಟಿ ಗಜ ಬಟ್ಟೆಯನ್ನು ಇಲ್ಲಿ ಮಾರಬಹುದು ಎಂದು 1934ರ ಒಪ್ಪಂದ ಗೊತ್ತುಮಾಡಿತು. ಅರಳೆ ಅತ್ತ, ಅರಿವೆ ಇತ್ತ. ಆ ಅರಿವೆ ಮಾಡಿದವರೇನು ಸುಖದಲ್ಲಿದ್ದರೆ? ಬಡ ರೈತರ ಹೆಣ್ಣುಮಕ್ಕಳು ಅವರು. ಅಪ್ಪ ಪಡೆದ ಮುಂಗಡಕ್ಕೆ ಒತ್ತೆಯಾಗಿ ಗಿರಣಿಯ ವಸತಿಗಳಲ್ಲಿ ಇರುತ್ತಿದ್ದರು. 1929ರವರೆಗೂ ರಾತ್ರಿ ಪಾಳಿ ತಪ್ಪಿರಲಿಲ್ಲ. ಕ್ಷಯ ಹತ್ತಿದರೆ ಊರಿನ ದಾರಿ. 1947ರಲ್ಲೂ ಜಪಾನಿನ ಗಂಡಸಿನ ಸರಾಸರಿ ಆಯುಷ್ಯ 50 ವರ್ಷ, ಹೆಂಗಸಿನದು 54. ಆ ಕಾಲಕ್ಕೆ ನಮ್ಮದು ಸುಮಾರು 32. ಈಗ ಅವರದು 84ರ ಆಸುಪಾಸು, ನಮ್ಮದು ಸುಮಾರು 70. ನಾವು ಎರಡರಷ್ಟು ದಾಟಿದ್ದೇವೆ. ಇದು ಸಣ್ಣ ಮಾತಲ್ಲ, ಇದನ್ನು ಮುಚ್ಚಿಡುವವರು ನಾವಲ್ಲ.

ಜೀವನಮಟ್ಟವೆಂದರೆ ತಲಾ ಆದಾಯವೆಂದು ಪಂಡಿತರು ಪಟ್ಟಿ ಹಿಡಿಯುತ್ತಾರೆ. ನೆರೆಯ ಸಂಡೂರಿನ ಅದಿರಿನ ರೊಕ್ಕವನ್ನೂ ಕೂಡ್ಲಿಗಿಯಿಂದ ಗುಳೆ ಹೋದವನ ಕೂಲಿಯನ್ನೂ ಕೂಡಿಸಿ ಭಾಗಿಸಿದರೆ ಬರುವ ಅಂಕಿ ಅದು. ಅದರಲ್ಲಿ ಧಣಿಯೂ ಕಾಣುವುದಿಲ್ಲ, ಕೂಲಿಯವನೂ ಕಾಣುವುದಿಲ್ಲ. ನಮ್ಮ ಅಳತೆ ಬೇರೆ. ದುಡಿಯುವವನು ಮಂಚ ಹಿಡಿದ ದಿನ ಆ ಮನೆಯಲ್ಲಿ ಏನಾಗುತ್ತದೆ, ಅದನ್ನು ನೋಡಬೇಕು.

ಜಪಾನಿನಲ್ಲಿ ಕಾರ್ಖಾನೆಯವರ ಆರೋಗ್ಯ ವಿಮೆಯ ಕಾನೂನು 1922ರಲ್ಲಿ ಬಂತು, 1927ರಿಂದ ನಡೆಯಿತು. ರೈತರಿಗೂ ಅಂಗಡಿಯವರಿಗೂ ಬೇರೊಂದು ವಿಮೆ 1938ರಲ್ಲಿ ಹುಟ್ಟಿತು. 1961ರ ಹೊತ್ತಿಗೆ ದೇಶದ ಪ್ರತಿಯೊಬ್ಬರೂ ಯಾವುದಾದರೊಂದು ವಿಮೆಯೊಳಗೆ ಬಂದರು. ಶ್ರೀಮಂತ ದೇಶ, ಅವರಿಗೇನು ಎನ್ನಬೇಡಿ. ಆ ವರ್ಷ ಅವರ ತಲಾ ಆದಾಯ ಅಮೆರಿಕದವರ ಕಾಲುಭಾಗವೂ ಇರಲಿಲ್ಲ. ಮೊದಲು ದೇಶ ಸಂಪತ್ತು ಗಳಿಸಲಿ, ಆಮೇಲೆ ಬಡವನ ಔಷಧದ ಮಾತು ಎಂದು ನಮಗೆ ಬುದ್ಧಿ ಹೇಳುವವರು ಈ ಇಸವಿಯನ್ನು ಬರೆದಿಟ್ಟುಕೊಳ್ಳಲಿ. ಈಗ ಅಲ್ಲಿ ದುಡಿಯುವ ವಯಸ್ಸಿನ ರೋಗಿ ಕೊಡುವುದು ಖರ್ಚಿನ ಶೇ. 30, ಅದಕ್ಕೂ ತಿಂಗಳಿಗೊಂದು ಮಿತಿಯಿದೆ. ಕಾಯಂ ಕಾರ್ಮಿಕ ಕಾಯಿಲೆ ಬಿದ್ದರೆ ಕೂಲಿಯ ಮೂರರಲ್ಲಿ ಎರಡು ಪಾಲು ಒಂದೂವರೆ ವರ್ಷದವರೆಗೆ ಸಿಗಬಲ್ಲುದು. ಅಂಗಡಿಯವನಿಗೆ ಚಿಕಿತ್ಸೆಯುಂಟು, ಬಾಗಿಲು ಮುಚ್ಚಿದ ದಿನಗಳ ನಷ್ಟ ಮಾತ್ರ ಅಲ್ಲಿಯೂ ಅವನ ತಲೆಯ ಮೇಲೆಯೇ.

ಅದು ಸ್ವರ್ಗವೆಂದು ನಾವು ಹೇಳುತ್ತಿಲ್ಲ. ದುಡಿದು ದುಡಿದೇ ಸಾಯುವುದಕ್ಕೆ ಅವರ ಭಾಷೆಯಲ್ಲಿ ಕರೋಶಿ ಎಂಬ ಹೆಸರೇ ಇದೆ. ಅದನ್ನು ತಡೆಯಲು 2014ರಲ್ಲಿ ಕಾನೂನು ಮಾಡಬೇಕಾಯಿತು. ಮುದುಕರು ಒಂಟಿಯಾಗಿ ಕಣ್ಣು ಮುಚ್ಚುತ್ತಾರೆ.

ಇನ್ನು ನಮ್ಮ ಮನೆಯ ಮಾತು. ಜಿನ್ನಿನಲ್ಲಿ ದುಡಿಯುವವನಿಗೆ ಎದೆನೋವು ಬಂದರೆ ದಾವಣಗೆರೆಗೋ ಬಳ್ಳಾರಿಗೋ ಒಯ್ಯಬೇಕು. ಬಿ.ಪಿ.ಎಲ್. ಕಾರ್ಡಿದ್ದ ಕುಟುಂಬಕ್ಕೆ 2018ರಿಂದ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯ ಯೋಜನೆ ಇದೆ. ಅದರಿಂದ ಜೀವ ಉಳಿದವರಿದ್ದಾರೆ. ಆದರೆ ಮಲಗಿದ ದಿನಗಳ ಕೂಲಿ ಯಾರು ಕೊಡುತ್ತಾರೆ? ಹೆಂಡತಿಯ ಕಿವಿಯ ಓಲೆ ಕೊಡುತ್ತದೆ, ಬಡ್ಡಿಯವನು ಕೊಡುತ್ತಾನೆ. ಕಾರ್ಡಿಲ್ಲದ ಸಣ್ಣ ಅಂಗಡಿಯವನಿಗಂತೂ ಔಷಧದ ಖರ್ಚಿನ ದೊಡ್ಡ ಪಾಲೂ ಅವನದೇ.

ಇ.ಎಸ್.ಐ. ಇದೆಯಲ್ಲ ಎನ್ನುತ್ತೀರಿ. ಕಾಯಿಲೆಯ ಕಾಲಕ್ಕೆ ಭತ್ಯೆ ಕೊಡುವ ಆ ಕಾನೂನು 1948ರಲ್ಲೇ ಆಯಿತು, ಜಪಾನಿನ 1961ಕ್ಕಿಂತ 13 ವರ್ಷ ಮುಂಚೆ. ಆದರೆ ಅದು ಸುಗ್ಗಿಯ ಕಾರ್ಖಾನೆಗಳನ್ನು, ಅವರ ಮಾತಿನಲ್ಲಿ ಋತುಮಾನದ ಕಾರ್ಖಾನೆಗಳನ್ನು, ಹೊರಗಿಟ್ಟಿತು. ಯಾವುವು ಅವು? ಹತ್ತಿ ಜಿನ್ನಿಂಗು, ಹತ್ತಿ ಪ್ರೆಸ್ಸು, ಶೇಂಗಾ ಸುಲಿಯುವುದು ಎಂದು ಹೆಸರು ಹಿಡಿದೇ ಬರೆದಿದೆ. ನಮ್ಮ ಐದೂ ಊರುಗಳ ಕಸುಬನ್ನು ಎದುರಿಗಿಟ್ಟುಕೊಂಡು ಬರೆದಂತಿದೆ! 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಆ ಹೊರಗಿಡುವಿಕೆ ಹಾಗೆಯೇ ಉಳಿದಿದೆ. ಯಂತ್ರಕ್ಕೆ ಋತುಮಾನವಿರಬಹುದು. ದೂಳು ಕುಡಿದ ಎದೆಗೆ ಋತುಮಾನವಿದೆಯೇ?

ಕಾನೂನು ತಿದ್ದಬೇಕೆಂಬ ಒತ್ತಾಯ ದಿಲ್ಲಿಗೆ ಹೋಗಲಿ. ಅಲ್ಲಿಯವರೆಗೆ ಇಲ್ಲಿ ಮಾಡಬೇಕಾದ್ದೊಂದಿದೆ. ಆ ವಿನಾಯಿತಿ ಇರುವುದು ಬರೀ ಆ ಪಟ್ಟಿಯ ಕೆಲಸಗಳನ್ನೂ ಅವುಗಳಿಗೆ ಸೇರಿದ ಕೆಲಸಗಳನ್ನೂ ನಡೆಸುವ ಕಾರ್ಖಾನೆಗೆ ಮಾತ್ರ. ಸುಲಿಯುವುದರ ಜೊತೆ ಎಣ್ಣೆಯನ್ನೂ ತೆಗೆಯುವ, ವರ್ಷವಿಡೀ ಬೇರೆ ಕೆಲಸವನ್ನೂ ನಡೆಸುವ ಮಿಲ್ಲುಗಳ ವಿಷಯದಲ್ಲಿ ವಾದಕ್ಕೆ ಎಡೆಯಿದೆ. ಆದ್ದರಿಂದ ನಿಮ್ಮ ನಿಮ್ಮ ಮಿಲ್ಲಿನಲ್ಲಿ ಯಾವ ಯಾವ ಕೆಲಸ ನಡೆಯುತ್ತದೆ, ಯಾವ ತಿಂಗಳಿಂದ ಯಾವ ತಿಂಗಳವರೆಗೆ, ಹತ್ತು ಅಥವಾ ಅದಕ್ಕಿಂತ ಹೆಚ್ಚು ಮಂದಿ ಇದ್ದಾರೆಯೇ, ಎಷ್ಟು ಮಂದಿಯ ಹೆಸರು ಹಾಜರಿ ಪುಸ್ತಕದಲ್ಲಿದೆ, ಎಷ್ಟು ಮಂದಿಯದು ಇಲ್ಲ, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಮುಂದಿನ ಸಭೆಗೆ ತನ್ನಿ. ಬರೆಯಲು ಬಾರದವರು ಮಗಳ ಕೈಯಲ್ಲಿ ಬರೆಸಿ ತನ್ನಿ.